ಏರ್‌ಗನ್ ಗುರಿ ಚದುರುತ್ತಿದೆಯಾ? ಬಂದೂಕು ಬಿಚ್ಚುವ ಮೊದಲು ಇಷ್ಟು ನೋಡಿ

ಮನೆಯಲ್ಲಿ ಏರ್‌ಗನ್ ಅಭ್ಯಾಸ ಮಾಡುವವರ ಬಾಯಲ್ಲಿ ಪದೇ ಪದೇ ಕೇಳುವ ದೂರು ಇದು: ‘ಹೋದ ತಿಂಗಳು ಎಲ್ಲಾ ಒಂದೇ ಕಡೆ ಬೀಳ್ತಿತ್ತು, ಈಗ ಎಲ್ಲೆಲ್ಲೋ ಹೋಗ್ತಿದೆ. ಸ್ಪ್ರಿಂಗ್ ಹೋಗಿರಬೇಕು.’ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಬಂದೂಕು ಬಿಚ್ಚಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗುಂಡು ಚದುರುವುದಕ್ಕೆ ಸ್ಪ್ರಿಂಗ್ ಕಾರಣ ಆಗುವುದು ಕಡಿಮೆ. ಸಡಿಲವಾದ ಸ್ಕ್ರೂ, ಹದ ತಪ್ಪಿದ ಪೆಲೆಟ್ (ಏರ್‌ಗನ್ನಿಗೆ ಹಾಕುವ ಸೀಸದ ಪುಟ್ಟ ಗುಂಡು), ಅಲುಗುವ ಸ್ಕೋಪ್ (ಗುರಿ ನೋಡುವ ದುರ್ಬೀನು), ಹಿಡಿತದಲ್ಲಿ ಬಂದ ಬದಲಾವಣೆ, ಈ ನಾಲ್ಕರಲ್ಲೇ ಹೆಚ್ಚಿನ ದೋಷ ಸಿಕ್ಕಿಬಿಡುತ್ತದೆ. ಇವನ್ನು ನೋಡಲು ಬಂದೂಕು ಬಿಚ್ಚುವುದೇ ಬೇಡ, ಖರ್ಚೂ ಇಲ್ಲ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ತಾಳ್ಮೆ ಬೇಕು. ಸ್ಕ್ರೂ ಬಿಗಿ ಮಾಡಿ, ಪೆಲೆಟ್ ಬದಲಿಸಿ, ಸ್ಕೋಪನ್ನೂ ತಿರುಗಿಸಿ ಆಮೇಲೆ ಹೊಡೆದು ನೋಡಿದರೆ ಯಾವುದರಿಂದ ಸರಿಹೋಯಿತು ಅನ್ನುವುದು ಗೊತ್ತೇ ಆಗುವುದಿಲ್ಲ.

ದಾವಣಗೆರೆ, ಚಿತ್ರದುರ್ಗದ ಕಡೆ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಬ್ಯಾರೆಲ್ ಮಡಚಿ ಲೋಡ್ ಮಾಡುವ, ಸ್ಪ್ರಿಂಗ್‌ನಿಂದ ಓಡುವ 0.177 ಇಂಚಿನ, ಅಂದರೆ 4.5 ಮಿಲಿಮೀಟರ್ ರೈಫಲ್. ದುಗ್ಗಮ್ಮನ ಜಾತ್ರೆಯಲ್ಲೋ ನಾಯಕನಹಟ್ಟಿ ಜಾತ್ರೆಯಲ್ಲೋ ಬಲೂನು ಹೊಡೆಯಲು ಕೈಗೆ ಕೊಡುತ್ತಾರಲ್ಲ, ಅದೇ ಜಾತಿ. ಈ ಬರಹ ಆ ಬಂದೂಕಿನ ಬಗ್ಗೆ ಮಾತ್ರ. ಸಿಲಿಂಡರ್‌ಗೆ ಗಾಳಿ ತುಂಬುವ ಪಿಸಿಪಿ ಬಂದೂಕಿನ ತೊಂದರೆಗಳೇ ಬೇರೆ.

ಇದರೊಳಗೆ ಏನಾಗುತ್ತದೆ ಎಂದು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮುಂದಿನದು ಸುಲಭ. ಬ್ಯಾರೆಲ್ ಮಡಚಿದಾಗ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಹಿಂಡುತ್ತದೆ. ಆ ಗಾಳಿ ಸಣ್ಣ ತೂತಿನಿಂದ ಹೊರಟು ಪೆಲೆಟ್ ಅನ್ನು ತಳ್ಳುತ್ತದೆ. ಪಿಸ್ಟನ್ ಮುಂದೆ ಹೊರಟಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಒದೆಯುತ್ತದೆ. ಈ ಅಲುಗಾಟ ಶುರುವಾದಾಗ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುತ್ತದೆ. ಪುಡಿ ಸ್ಕ್ರೂನಿಂದ ಹಿಡಿದು ದುಬಾರಿ ಸ್ಕೋಪ್‌ವರೆಗೆ ಎಲ್ಲವನ್ನೂ ಸಡಿಲ ಮಾಡುವುದು ಈ ಜೋಡಿ ಒದೆತವೇ.

ಜಾಗ ಸರಿ ಇಲ್ಲದಿದ್ದರೆ ದೋಷ ಹುಡುಕುವುದೇ ದಂಡ

30/40 ನಿವೇಶನದ ಮನೆಯ ಟೆರೇಸು ಉದ್ದಕ್ಕೆ 40 ಅಡಿ, ಅಂದರೆ 12 ಮೀಟರ್ ಚಿಲ್ಲರೆ. ಒಲಿಂಪಿಕ್ಸ್‌ನ ಏರ್ ರೈಫಲ್ ಸ್ಪರ್ಧೆಯ ದೂರ 10 ಮೀಟರ್, ಸುಮಾರು 33 ಅಡಿ. ನೀರಿನ ಟ್ಯಾಂಕು, ಮೆಟ್ಟಿಲು ಅಡ್ಡ ಬರದಿದ್ದರೆ ಪೂರ್ತಿ ದೂರ ಮನೆ ಮೇಲೇ ಸಿಗುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇಷ್ಟೇ ದೂರದಿಂದ. ಅಷ್ಟು ಜಾಗ ಇಲ್ಲವೆಂದರೆ ಹಾಲ್‌ನಿಂದ ಪ್ಯಾಸೇಜಿಗೆ 5 ಮೀಟರ್ ಅಳೆದು ಟಾರ್ಗೆಟ್ಟನ್ನು ಅರ್ಧ ಅಳತೆಗೆ ಪ್ರಿಂಟ್ ಮಾಡಿಕೊಳ್ಳಿ. ರೈಫಲ್ ಟಾರ್ಗೆಟ್‌ನ ಹೊರ ಉಂಗುರ 45.5 ಮಿಲಿಮೀಟರ್, ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್.

ಗುಂಡು ತಡೆಯುವ ಪೆಟ್ಟಿಗೆ ಗಟ್ಟಿಯಾಗಿರಲಿ. ಮರದ ಪೆಟ್ಟಿಗೆ, ಹಿಂಬದಿಗೆ 3 ಮಿಲಿಮೀಟರ್ ಕಬ್ಬಿಣದ ತಗಡು, ಅದರ ಮುಂದೆ ಒತ್ತಿ ತುಂಬಿದ ಹಳೇ ಬಟ್ಟೆ. ಬಟ್ಟೆ ಮಿಲ್ಲುಗಳ ಊರಾಗಿದ್ದ ದಾವಣಗೆರೆಯಲ್ಲಿ ಚಿಂದಿಗೇನು ಬರ ಇಲ್ಲ. ಅದರ ಹಿಂದೆ ಗೋಡೆ ಇರಲೇಬೇಕು, ಪಕ್ಕದ ಮನೆಯ ಟೆರೇಸು ಇರಬಾರದು. ಗುರಿ ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗಬಲ್ಲದು. ಕಣ್ಣಿಗೆ ಕನ್ನಡಕ ಬೇಕು, ನೋಡುವವರಿಗೂ ಬೇಕು. ಉಕ್ಕಿನ ಗುಂಡು ಬಳಸಬೇಡಿ, ಗಟ್ಟಿ ಜಾಗಕ್ಕೆ ಬಡಿದರೆ ನೇರ ವಾಪಸ್ ಬರುತ್ತದೆ. ಸೀಸದ ಪೆಲೆಟ್ ಮುಟ್ಟಿದ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ.

ಟಾರ್ಗೆಟ್ ಕಾಗದಕ್ಕೆ ಒಂದು ಮಾತು. ಸಾಮಾನ್ಯ ಪ್ರಿಂಟರ್ ಕಾಗದ ಹರಿಯುತ್ತದೆ, ತೂತು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಹಳೇ ಲಗ್ನಪತ್ರಿಕೆಯ ಹಿಂಬದಿ ಬಹಳ ಚೆನ್ನ. ಚಪ್ಪಟೆ ಮೂತಿಯ ಪೆಲೆಟ್ ಅದರಲ್ಲಿ ಪಂಚಿಂಗ್ ಮಶಿನ್ ಹೊಡೆದ ಹಾಗೆ ದುಂಡಗೆ ತೂತು ಮಾಡುತ್ತದೆ. ದೋಷ ಹುಡುಕುವಾಗ ಈ ದುಂಡು ತೂತು ಬೇಕೇ ಬೇಕು.

ಐದು ಗುಂಡು, ಒಂದು ಕಾಗದ

ಮೇಜಿನ ಮೇಲೆ ಮೆಕ್ಕೆಜೋಳ ತುಂಬಿದ ಬಟ್ಟೆ ಚೀಲ ಇಡಿ. ಚೀಲದ ಮೇಲೆ ನಿಮ್ಮ ಅಂಗೈ ತೆರೆದಿಡಿ. ಅಂಗೈ ಮೇಲೆ ಬಂದೂಕಿನ ಮುಂಭಾಗ ಸುಮ್ನೆ ಕೂರಲಿ, ಬೆರಳು ಸುತ್ತಿ ಹಿಡಿಯಬೇಡಿ. ಬಂದೂಕನ್ನು ನೇರವಾಗಿ ಚೀಲದ ಮೇಲೆ ಅಥವಾ ಗಟ್ಟಿ ಹಲಗೆ ಮೇಲೆ ಇಟ್ಟರೆ ಒದೆತದ ರೀತಿಯೇ ಬದಲಾಗಿ ಗುಂಡು ಬೇರೆ ಕಡೆ ಬೀಳುತ್ತದೆ. ಸ್ಪ್ರಿಂಗ್ ಬಂದೂಕಿನ ಸ್ವಭಾವವೇ ಇದು. ಪ್ರತಿ ಗುಂಡಿಗೂ ಅಂಗೈ ಒಂದೇ ಜಾಗದಲ್ಲಿರಲಿ. ಬೇಕಿದ್ದರೆ ಬಂದೂಕಿನ ಕಟ್ಟಿಗೆ, ಅಂದರೆ ಮರದ ಭಾಗದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ.

ಹೀಗೆ ಐದು ಗುಂಡು ಒಂದೇ ಕಾಗದಕ್ಕೆ ಹೊಡೆಯಿರಿ. ನಡುವೆ ಸೈಟ್ (ಬಂದೂಕಿನ ಮೇಲೆ ಗುರಿ ನೋಡುವ ಭಾಗ) ತಿರುಗಿಸಬೇಡಿ. ಗುಂಡು ಮಧ್ಯಕ್ಕೆ ಬೀಳದಿದ್ದರೂ ಚಿಂತೆ ಇಲ್ಲ, ಈಗ ನೋಡುವುದು ಐದೂ ಎಷ್ಟು ಹತ್ತಿರ ಬಿದ್ದಿವೆ ಎಂಬುದನ್ನು. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಅದರಲ್ಲಿ 4.5 ಕಳೆಯಿರಿ. ಸಾಧಾರಣ ಬೆಲೆಯ ಆರೋಗ್ಯವಾದ ಬಂದೂಕು 10 ಮೀಟರ್‌ನಲ್ಲಿ ಹೀಗೆ ಆಸರೆ ಕೊಟ್ಟು ಹೊಡೆದರೆ 10ರಿಂದ 15 ಮಿಲಿಮೀಟರ್ ಒಳಗೆ ಕೂರಿಸಬೇಕು. ಇಂಥ ಕಾಗದ ಮೂರು ಮಾಡಿ. ಮೂರರಲ್ಲೂ ಅದೇ ಕಥೆ ಬಂದರೆ ಅದನ್ನು ನಂಬಿ. ಒಂದೇ ಕಾಗದ ನೋಡಿ ತೀರ್ಮಾನಕ್ಕೆ ಬರುವುದು ತಪ್ಪು, ಯಾಕೆಂದರೆ ಒಂದು ಗುಂಡು ನಿಮ್ಮ ಕೈಯಿಂದಲೂ ತಪ್ಪಿರಬಹುದು.

ಈಗ ತೂತುಗಳ ಆಕಾರ ನೋಡಿ. ಐದೂ ಹತ್ತಿರ ಬಿದ್ದು ಮಧ್ಯದಿಂದ ದೂರ ಇದ್ದರೆ ಬಂದೂಕಿಗೆ ಏನೂ ಆಗಿಲ್ಲ, ಸೈಟ್ ತಿರುಗಿಸಿದರೆ ಮುಗಿಯಿತು. ತೂತುಗಳು ಮೇಲೆ ಕೆಳಗೆ ಸಾಲಾಗಿ ಬಿದ್ದಿದ್ದರೆ ವೇಗ ಒಂದೇ ಸಮ ಇಲ್ಲ ಅನ್ನುವ ಅನುಮಾನ ಬರಬೇಕು: ಪೆಲೆಟ್, ಇಲ್ಲವೇ ಗಾಳಿ ಸೋರಿಕೆ. ಅದೂ ಅಲ್ಲದಿದ್ದರೆ ನಿಮ್ಮ ಉಸಿರಾಟ. ಅಡ್ಡಡ್ಡ ಬಿದ್ದಿದ್ದರೆ ಬ್ಯಾರೆಲ್ಲಿನ ಕೀಲು, ಟ್ರಿಗರ್ ಬೆರಳು, ಬಂದೂಕು ಓರೆ ಹಿಡಿಯುವುದು, ಅಥವಾ ಗಾಳಿ. ಎರಡು ಬೇರೆ ಬೇರೆ ಗುಂಪಾಗಿ, ಮೂರು ಇಲ್ಲಿ ಎರಡು ಅಲ್ಲಿ ಎಂಬಂತೆ ಬಿದ್ದಿದ್ದರೆ ಏನೋ ಒಂದು ಎರಡು ಜಾಗದ ನಡುವೆ ಅಲುಗುತ್ತಿದೆ. ಸೈಟು, ಸ್ಕೋಪಿನ ಕ್ಲಾಂಪು ನೋಡಿ. ಒಂದೊಂದೇ ಗುಂಡು ಒಂದೇ ದಿಕ್ಕಿಗೆ ಜರುಗುತ್ತಾ ಹೋಗಿದ್ದರೆ ಸ್ಕೋಪ್ ತನ್ನನ್ನು ಕೂರಿಸಿರುವ ಹಳಿ ಮೇಲೆ ಜಾರುತ್ತಿದೆ. ಯಾವ ಕ್ರಮವೂ ಇಲ್ಲದೆ ಎಲ್ಲಾ ಕಡೆ ಎರಚಿದ ಹಾಗಿದ್ದರೆ ಕಟ್ಟಿಗೆಯ ಸ್ಕ್ರೂ, ಪೆಲೆಟ್, ಬ್ಯಾರೆಲ್ ಮೂತಿ, ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ.

ಗಾಳಿಯನ್ನು ಹಗುರ ಮಾಡಬೇಡಿ. ಚಿತ್ರದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿ ಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಟೆರೇಸಿನ ಮೇಲೆ ಬೀಸುವ ಅಡ್ಡಗಾಳಿ ಅರ್ಧ ಗ್ರಾಂ ತೂಕದ ಪೆಲೆಟ್ಟನ್ನು 10 ಮೀಟರ್‌ನಲ್ಲೇ ಹಲವು ಮಿಲಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಬೆಳಿಗ್ಗೆ ಏಳಕ್ಕೆ ಚೆನ್ನಾಗಿದ್ದ ಬಂದೂಕು ಮಧ್ಯಾಹ್ನ ಮೂರಕ್ಕೆ ‘ಕೆಟ್ಟು’ ಹೋಗಿದ್ದರೆ ಮರುದಿನ ಬೆಳಿಗ್ಗೆ ಮತ್ತೆ ಹೊಡೆದು ನೋಡಿ. ಪರೀಕ್ಷೆ ಮಾಡುವಾಗ ಟೆರೇಸಿಗಿಂತ ಮನೆಯೊಳಗಿನ 5 ಮೀಟರ್ ಎಷ್ಟೋ ವಾಸಿ.

ಮೊದಲ ಕೆಲಸ ಸ್ಕ್ರೂ

ಕಟ್ಟಿಗೆಯನ್ನು ಕಬ್ಬಿಣಕ್ಕೆ ಹಿಡಿದಿರುವ ಸ್ಕ್ರೂಗಳು ಸಾಮಾನ್ಯವಾಗಿ ಮುಂದಿನ ಎರಡು ಪಕ್ಕದಲ್ಲಿ ಒಂದೊಂದು, ಟ್ರಿಗರ್ ಗಾರ್ಡಿನ ಬಳಿ ಒಂದೋ ಎರಡೋ. ಸರಿಯಾದ ಅಳತೆಯ ಸ್ಕ್ರೂಡ್ರೈವರಿನಿಂದ ಎಲ್ಲವನ್ನೂ ಒಂದೇ ಬಿಗಿಗೆ ತನ್ನಿ. ಜೀವ ಬಿಟ್ಟು ತಿರುಗಿಸಬೇಡಿ, ಮರ ಸೀಳುತ್ತದೆ. ಬಿಸಿಲುಗಾಲದಲ್ಲಿ ನಮ್ಮ ಕಡೆಯ ಒಣ ಹವೆಗೆ ಮರ ಸ್ವಲ್ಪ ಸೊರಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಹಾಗಾಗಿ ಯುಗಾದಿ ಹೊತ್ತಿಗೆ ಬಿಗಿಯಾಗಿದ್ದದ್ದು ಶ್ರಾವಣಕ್ಕೆ ಹಾಗೇ ಇರುತ್ತದೆ ಅಂತೇನಿಲ್ಲ. ಪದೇ ಪದೇ ಸಡಿಲವಾದರೆ ಸ್ಕ್ರೂವಿನ ಸುತ್ತುಗೆರೆಗೆ ಹಾಕುವ ಅಂಟಿನಲ್ಲಿ ನೀಲಿ ಬಣ್ಣದ್ದು, ಮತ್ತೆ ಬಿಚ್ಚಲು ಬರುವಂಥದ್ದು, ಒಂದು ಹನಿ ಸಾಕು. ಕೆಂಪು ಅಂಟು ಬೇಡ.

ಆಮೇಲೆ ಬ್ಯಾರೆಲ್ ಕೀಲು. ಬಂದೂಕು ಖಾಲಿ ಇದೆ, ಸ್ಪ್ರಿಂಗ್ ಎಳೆದಿಲ್ಲ ಎಂದು ಎರಡು ಸಲ ನೋಡಿಕೊಂಡು, ಬ್ಯಾರೆಲ್ ಸ್ವಲ್ಪ ಮಡಚಿ ಅರ್ಧದಲ್ಲಿ ನಿಲ್ಲಿಸಿ. ಮೂತಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸಿ. ‘ಟಕ್ ಟಕ್’ ಅಂತ ಕೈಗೆ ತಾಗಿದರೆ ಕೀಲಿನ ಬೋಲ್ಟು ಸಡಿಲ. ಲೆಕ್ಕ ಹಾಕಿ: ಕೀಲಿನಿಂದ ಮೂತಿಗೆ 45 ಸೆಂಟಿಮೀಟರ್ ಇರುವ ಬ್ಯಾರೆಲ್ಲು ಮೂತಿಯಲ್ಲಿ ಅರ್ಧ ಮಿಲಿಮೀಟರ್ ಅಲುಗಿದರೆ 10 ಮೀಟರ್ ದೂರದಲ್ಲಿ 11 ಮಿಲಿಮೀಟರ್ ವ್ಯತ್ಯಾಸ. ಕಾಗದದ ಮೇಲೆ ಅಡ್ಡಡ್ಡ ಸಾಲು ಬರುವುದಕ್ಕೆ ಇಷ್ಟು ಸಾಕು. ಕೀಲು ಎಷ್ಟು ಬಿಗಿ ಇರಬೇಕು? ಅರ್ಧ ಮಡಚಿದ ಬ್ಯಾರೆಲ್ಲು ತನ್ನ ತೂಕಕ್ಕೆ ತಾನೇ ಬೀಳದೆ ಹಾಗೇ ನಿಲ್ಲುವಷ್ಟು.

ಇಲ್ಲೇ ಒಂದು ಎಚ್ಚರಿಕೆ ಹೇಳಲೇಬೇಕು. ಸ್ಪ್ರಿಂಗ್ ಎಳೆದ ಬಂದೂಕಿನ ಬ್ಯಾರೆಲ್ ಮಡಚಿರುವಾಗ ಟ್ರಿಗರ್‌ಗೆ ಬೆರಳು ತಾಗಿದರೆ ಬ್ಯಾರೆಲ್ಲು ರಪ್ಪನೆ ಮೇಲಕ್ಕೆ ಬಡಿಯುತ್ತದೆ. ನಡುವೆ ಬೆರಳಿದ್ದರೆ ಬೆರಳು ಹೋಗುತ್ತದೆ. ಬೆರಳು ಉಳಿದರೂ ಬ್ಯಾರೆಲ್ಲು ಬಾಗುತ್ತದೆ. ಆದ್ದರಿಂದ ಪೆಲೆಟ್ ಇಡುವಾಗ ಇನ್ನೊಂದು ಕೈ ಬ್ಯಾರೆಲ್ಲನ್ನು ಹಿಡಿದೇ ಇರಬೇಕು. ಇದ್ದಕ್ಕಿದ್ದಂತೆ ಗುಂಡೆಲ್ಲಾ ತುಂಬಾ ಮೇಲೆ ಬೀಳಲು ಶುರುವಾಗಿದೆ, ಸೈಟ್ ಪೂರ್ತಿ ಇಳಿಸಿದರೂ ಸಾಲದು ಅಂದರೆ ಮನೆಯಲ್ಲಿ ಯಾರಾದರೂ ಹೀಗೆ ಬ್ಯಾರೆಲ್ ಬಡಿಸಿದ್ದಾರಾ ಅಂತ ಕೇಳಿ. ಮಕ್ಕಳು ಬೈಗುಳಕ್ಕೆ ಹೆದರಿ ಹೇಳಿರುವುದಿಲ್ಲ. ಸಮಾಧಾನವಾಗಿ ಕೇಳಿ.

ಪೆಲೆಟ್: ಬಹಳ ಜನ ಕೊನೆಗೆ ನೋಡುವ, ಮೊದಲೇ ನೋಡಬೇಕಾದ ವಸ್ತು

ನನ್ನ ಅನುಭವದಲ್ಲಿ ಬಂದೂಕಿನ ಮೇಲೆ ಹೊರಿಸುವ ಆರೋಪಗಳಲ್ಲಿ ಹೆಚ್ಚಿನವು ಪೆಲೆಟ್ಟಿಗೆ ಸೇರಬೇಕಾದವು. ಪೆಲೆಟ್ ನಡು ಸಣ್ಣಗಿದ್ದು ಹಿಂದೆ ಪುಟ್ಟ ಲಂಗದಂತೆ ಅಗಲವಾಗಿರುತ್ತದೆ. ಹಿಂದಿನ ಆ ತೆಳು ಅಂಚು ಗಾಳಿಯ ಒತ್ತಡಕ್ಕೆ ಅರಳಿ ಬ್ಯಾರೆಲ್ಲಿಗೆ ಅಂಟಿಕೊಳ್ಳುತ್ತದೆ, ಗಾಳಿ ಸೋರದಂತೆ ತಡೆಯುತ್ತದೆ. ಸೀಸ ಮೆತ್ತಗಿನ ಲೋಹ. ಡಬ್ಬಿ ಒಮ್ಮೆ ಕೆಳಗೆ ಬಿದ್ದರೆ ಸಾಕು, ಎಷ್ಟೋ ಪೆಲೆಟ್ಟಿನ ಅಂಚು ನೆಗ್ಗಿರುತ್ತದೆ.

ಗಾಜಿನ ಮೇಲೆ ಪೆಲೆಟ್ ಉರುಳಿಸಿ ನೋಡಿ. ಅಂಚು ಸರಿ ಇರುವುದು ಒಂದೇ ಸಮ ಸುತ್ತು ಹಾಕುತ್ತದೆ. ನೆಗ್ಗಿದ್ದು ಅಲ್ಲಲ್ಲಿ ಮುಗ್ಗರಿಸುತ್ತದೆ, ನಿಂತುಬಿಡುತ್ತದೆ. ಮುಗ್ಗರಿಸಿದ್ದನ್ನೆಲ್ಲ ಬೇರೆ ಡಬ್ಬಿಗೆ ಹಾಕಿ. ನಂತರ ಒಳ್ಳೆಯದನ್ನು ಒಂದೊಂದಾಗಿ ಬ್ಯಾರೆಲ್ಲಿನ ಹಿಂಬಾಯಿಗೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿ. ಪ್ರತಿಯೊಂದೂ ಒಂದೇ ಬಿಗಿಯಲ್ಲಿ ಕೂರಬೇಕು. ಒಂದು ಜಾರಿ ಒಳಗೆ ಹೋಗಿ, ಇನ್ನೊಂದಕ್ಕೆ ಉಗುರು ನೋಯುವಷ್ಟು ಒತ್ತಬೇಕಾದರೆ ಆ ಡಬ್ಬಿಯಿಂದ ಒಳ್ಳೆ ಗುಂಪು ಕಾಯುವುದರಲ್ಲಿ ಅರ್ಥವಿಲ್ಲ. ತಲೆಯ ಅಳತೆಯಲ್ಲೇ 4.49, 4.50, 4.51, 4.52 ಮಿಲಿಮೀಟರ್ ಎಂದು ಬೇರೆ ಬೇರೆ ಸಿಗುತ್ತವೆ. ನಿಮ್ಮ ಬ್ಯಾರೆಲ್ಲಿಗೆ ಯಾವುದು ಒಗ್ಗುತ್ತದೆ ಎಂದು ಹೊಡೆದೇ ತಿಳಿಯಬೇಕು. ಗೆಳೆಯನ ಬಂದೂಕಿಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಬೇಕೆಂದಿಲ್ಲ.

ತೂಕವೂ ಮುಖ್ಯ. ಸಾಮಾನ್ಯ ಪೆಲೆಟ್ 8 ಗ್ರೇನ್ ಆಸುಪಾಸು, ಅಂದರೆ 0.52 ಗ್ರಾಂ. ಚಿನ್ನ ತೂಗುವಂಥ ಮಿಲಿಗ್ರಾಂ ತಕ್ಕಡಿ ಸಿಕ್ಕರೆ ಇಪ್ಪತ್ತು ಪೆಲೆಟ್ ತೂಗಿ ನೋಡಿ. 0.48 ಇಂದ 0.56ರವರೆಗೆ ಹರಡಿಕೊಂಡಿದ್ದರೆ ಮೇಲೆ ಕೆಳಗೆ ಬೀಳುವ ಸಾಲಿಗೆ ಕಾರಣ ಸಿಕ್ಕಿತು. ಅಗ್ಗದ ಡಬ್ಬಿ ತಂದು ಅಭ್ಯಾಸ ಮಾಡಬಾರದು ಅಂತಲ್ಲ. ಟ್ರಿಗರ್ ಅಭ್ಯಾಸಕ್ಕೆ, ನಿಲ್ಲುವ ಅಭ್ಯಾಸಕ್ಕೆ ಅದು ಧಾರಾಳ ಆಯಿತು. ದೋಷ ಹುಡುಕಲು ಮಾತ್ರ ಒಂದು ಒಳ್ಳೆಯ ಡಬ್ಬಿಯನ್ನು ಬೇರೆ ಇಟ್ಟುಕೊಳ್ಳಿ. ಅದೇ ನಿಮ್ಮ ಅಳತೆಗೋಲು. ಅದರಲ್ಲಿ ಗುಂಪು ಚೆನ್ನಾಗಿ ಬಂದು ಅಗ್ಗದ್ದರಲ್ಲಿ ಚದುರಿದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಸೈಟು, ಸ್ಕೋಪು

ಸ್ಕೋಪ್ ಇಲ್ಲದ, ತೆರೆದ ಸೈಟಿನಲ್ಲಿ ನಿಯಮ ಸರಳ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಅದೇ ಕಡೆ ಸರಿಸಿ. ಮುಂದಿನ ಸೈಟ್ ಸರಿಸುವುದಾದರೆ ಉಲ್ಟಾ. ಹಿಂದಿನ ಸೈಟಿನ ತಗಡನ್ನು ಉಗುರಿನಿಂದ ಮೆಲ್ಲಗೆ ತಳ್ಳಿ ನೋಡಿ, ಅಲುಗಿದರೆ ದೋಷ ಅಲ್ಲೇ ಇದೆ.

ಸ್ಕೋಪ್ ವಿಷಯದಲ್ಲಿ ಸಮಸ್ಯೆ ಮೂರು ಕಡೆಯಿಂದ ಬರುತ್ತದೆ. ಒಂದು, ಕ್ಲಾಂಪ್ ಜಾರುವುದು. ಹಳಿಯ ಮೇಲೆ ಕ್ಲಾಂಪಿನ ಮುಂದೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಇಪ್ಪತ್ತು ಗುಂಡಿನ ನಂತರ ಗೆರೆಗೂ ಕ್ಲಾಂಪಿಗೂ ನಡುವೆ ಕೂದಲೆಳೆಯಷ್ಟು ಜಾಗ ಕಂಡರೂ ಅದು ಜಾರುತ್ತಿದೆ. ಹಳಿಯ ಎಣ್ಣೆ ಒರೆಸಿ, ಕ್ಲಾಂಪ್ ಮರುಜೋಡಿಸಿ, ಹಿಂದೆ ತಡೆ ಪಿನ್ ಇರುವ ಕ್ಲಾಂಪ್ ಹಾಕಿ.

ಎರಡು, ಕಣ್ಣಿನ ಜಾಗ. ಸಾಮಾನ್ಯ ಬೇಟೆ ಸ್ಕೋಪುಗಳನ್ನು 100 ಗಜ ದೂರಕ್ಕೆ, ಅಂದರೆ 91 ಮೀಟರ್‌ಗೆ ಹೊಂದಿಸಿರುತ್ತಾರೆ. ಅದನ್ನು 10 ಮೀಟರ್‌ಗೆ ಬಳಸಿದಾಗ ಕಣ್ಣು ಮಸೂರದ ಮಧ್ಯದಿಂದ ಸರಿದರೆ ಸ್ಕೋಪಿನೊಳಗೆ ಕಾಣುವ ಗುರಿಯ ಗೆರೆಯೂ ಟಾರ್ಗೆಟ್ ಮೇಲೆ ಸರಿದ ಹಾಗೆ ಕಾಣುತ್ತದೆ. 32 ಮಿಲಿಮೀಟರ್ ಮಸೂರದ ಸ್ಕೋಪಿನಲ್ಲಿ ಕಣ್ಣು ಪೂರ್ತಿ ಅಂಚಿಗೆ ಹೋದರೆ ಈ ತಪ್ಪು ಒಂದು ಸೆಂಟಿಮೀಟರ್ ದಾಟುತ್ತದೆ. ಪರೀಕ್ಷೆ ಸುಲಭ. ಬಂದೂಕು ಚೀಲದ ಮೇಲೆ ಅಲುಗದಂತೆ ಇಟ್ಟು, ಕೈ ತಾಗಿಸದೆ ತಲೆ ಮಾತ್ರ ಮೇಲೆ ಕೆಳಗೆ ಆಡಿಸಿ. ಗೆರೆ ಟಾರ್ಗೆಟ್ ಮೇಲೆ ಓಡಾಡಿದರೆ ಗುಂಡೂ ಓಡಾಡುತ್ತದೆ. 10 ಮೀಟರ್‌ಗೆ ಫೋಕಸ್ ಮಾಡಲು ಬರುವ ಸ್ಕೋಪೇ ಇದಕ್ಕೆ ಸರಿಯಾದ ಉತ್ತರ. ಅದು ಕೈಗೆ ಬರುವವರೆಗೆ ಕೆನ್ನೆ ಕಟ್ಟಿಗೆಯ ಮೇಲೆ ಒಂದೇ ಜಾಗಕ್ಕೆ ಕೂರುವಂತೆ ಅಭ್ಯಾಸ ಮಾಡಿ.

ಮೂರು, ಕ್ಲಿಕ್ ಲೆಕ್ಕ. ಇಲ್ಲಿ ಚೆನ್ನಾಗಿರುವ ಸ್ಕೋಪುಗಳು ಅನ್ಯಾಯವಾಗಿ ‘ಕೆಟ್ಟಿದೆ’ ಅನ್ನಿಸಿಕೊಳ್ಳುತ್ತವೆ. 100 ಗಜಕ್ಕೆ ಕಾಲು ಇಂಚು ಸರಿಸುವ ಒಂದು ಕ್ಲಿಕ್, 10 ಮೀಟರ್‌ನಲ್ಲಿ ಸರಿಸುವುದು ಸುಮಾರು 0.7 ಮಿಲಿಮೀಟರ್ ಮಾತ್ರ. ಒಂದು ಸೆಂಟಿಮೀಟರ್ ಸರಿಯಬೇಕಾದರೆ ಹದಿನಾಲ್ಕು ಕ್ಲಿಕ್ ಬೇಕು. ನಾಲ್ಕು ಕ್ಲಿಕ್ ತಿರುಗಿಸಿ ‘ಏನೂ ಆಗ್ತಿಲ್ಲ’ ಅಂದರೆ ತಪ್ಪು ಸ್ಕೋಪಿನದಲ್ಲ. ಹಾಗಂತ ಎಲ್ಲಾ ಸ್ಕೋಪೂ ಸ್ಪ್ರಿಂಗ್ ಬಂದೂಕಿಗೆ ತಡೆಯುತ್ತದೆ ಅಂತಲ್ಲ. ಮುಂದಕ್ಕೆ ಒದೆಯುವ ಆ ಎರಡನೇ ಒದೆತ ಮದ್ದಿನಿಂದ ಹೊಡೆಯುವ ದೊಡ್ಡ ಬಂದೂಕಿನಲ್ಲಿ ಇರುವುದಿಲ್ಲ. ಅದನ್ನು ತಾಳದ ಸ್ಕೋಪಿನೊಳಗೆ ಗೆರೆಯೇ ಕಳಚಿಕೊಳ್ಳಬಹುದು. ಅನುಮಾನ ಬಂದರೆ ಸ್ಕೋಪ್ ಪೂರ್ತಿ ತೆಗೆದು ತೆರೆದ ಸೈಟಿನಲ್ಲಿ ಐದು ಗುಂಡು ಹೊಡೆಯಿರಿ. ಗುಂಪು ಚಿಕ್ಕದಾದರೆ ದೋಷಿ ಯಾರೆಂದು ಗೊತ್ತಾಯಿತು.

ಹೊಡೆತ ಮೆತ್ತಗಾಗಿದೆ, ಹೊಗೆ ಬರುತ್ತಿದೆ, ಸದ್ದು ಬದಲಾಗಿದೆ

ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 16 ಮಿಲಿಮೀಟರ್ ಇಳಿಯುತ್ತದೆ. ವೇಗ 140ಕ್ಕೆ ಬಂದರೆ ಇಳಿತ 25 ಮಿಲಿಮೀಟರ್. ಗುಂಪು ಚಿಕ್ಕದಾಗಿಯೇ ಇದ್ದು ತಿಂಗಳಿಂದ ತಿಂಗಳಿಗೆ ಕೆಳಗೆ ಇಳಿಯುತ್ತಿದ್ದರೆ ಬಲ ಕಡಿಮೆಯಾಗುತ್ತಿದೆ ಎಂದೇ ಅರ್ಥ. ವೇಗ ಅಳೆಯುವ ಯಂತ್ರ ಎಲ್ಲರ ಬಳಿ ಇರುವುದಿಲ್ಲ. ಅದಕ್ಕೆ ಬಟ್ಟೆ ಸೋಪಿನ ಬಾರು ಸಾಕು. ಬಂದೂಕು ಚೆನ್ನಾಗಿರುವಾಗಲೇ ಹೊಸ ಬಾರನ್ನು ಪೆಟ್ಟಿಗೆಯೊಳಗೆ ನಿಲ್ಲಿಸಿ, ಗೊತ್ತಾದ ದೂರದಿಂದ ಹೊಡೆದು, ಪೆಲೆಟ್ ಎಷ್ಟು ಆಳ ಹೋಯಿತು ಅಂತ ಕಡ್ಡಿ ತೂರಿಸಿ ಅಳೆದು ಬರೆದಿಡಿ. ಮುಂದೆ ಅನುಮಾನ ಬಂದಾಗ ಅದೇ ಸೋಪು, ಅದೇ ದೂರ, ಅದೇ ಪೆಲೆಟ್. ಸೋಪು ಹೊಸದೇ ಇರಲಿ, ಒಣಗಿದ ಬಾರು ಗಟ್ಟಿಯಾಗಿ ಸುಳ್ಳು ಹೇಳುತ್ತದೆ.

ಬಲ ಇಳಿದಿದೆ ಎಂದು ಖಾತ್ರಿಯಾದರೆ ಮೊದಲು ಬ್ಯಾರೆಲ್ಲಿನ ಹಿಂಬಾಯಿ ಸುತ್ತ ಇರುವ ಪುಟ್ಟ ವಾಷರ್ ನೋಡಿ. ರಬ್ಬರಿನ ಉಂಗುರ ಇರಬಹುದು, ಹಳೇ ಬಂದೂಕಿನಲ್ಲಿ ಚರ್ಮದ್ದೂ ಇರಬಹುದು. ಪರೀಕ್ಷೆಗೆ ಹತ್ತಿಯ ಒಂದು ತೆಳು ಎಳೆ ಸಾಕು. ಬ್ಯಾರೆಲ್ ಮುಚ್ಚಿದ ಮೇಲೆ ಆ ಸಂದಿನ ಮೇಲೆ ಎಳೆಯನ್ನು ಹಗುರವಾಗಿ ಇಟ್ಟು, ಮುಖ ದೂರ ಇಟ್ಟುಕೊಂಡು, ಪೆಟ್ಟಿಗೆ ಕಡೆಗೆ ಒಂದು ಗುಂಡು ಹೊಡೆಯಿರಿ. ಬಂದೂಕಿನ ಕುಲುಕಿಗೆ ಎಳೆ ಜಾರಿ ಬಿದ್ದರೆ ಪರವಾಗಿಲ್ಲ. ಚಂಗನೆ ಮೇಲಕ್ಕೆ ಹಾರಿದರೆ ಗಾಳಿ ಸೋರುತ್ತಿದೆ. ಮೇಲೆ, ಎಡಕ್ಕೆ, ಬಲಕ್ಕೆ ಮೂರೂ ಕಡೆ ಇಟ್ಟು ನೋಡಿ. ಉಂಗುರ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಸೂಜಿಯಿಂದ ಹಳೆಯದನ್ನು ಎತ್ತಿ, ಅದೇ ಅಳತೆಯದನ್ನು ಕೂರಿಸುವುದಷ್ಟೇ. ಉಂಗುರ ಹರಿಯದೆ ಬರೀ ಸವೆದು ತಗ್ಗಾಗಿದ್ದರೆ ಅದರಡಿ ಕಾಗದದ ತೆಳು ಉಂಗುರ ಕತ್ತರಿಸಿ ಇಡಬಹುದು.

ಸಂದಿನಲ್ಲಿ ಸೋರಿಕೆ ಇಲ್ಲ, ಬಲವೂ ಇಲ್ಲ ಅಂದರೆ ಒಳಗಿನ ಪಿಸ್ಟನ್ ವಾಷರ್ ಕಡೆ ಅನುಮಾನ. ಅದು ಚರ್ಮದ್ದಾಗಿದ್ದರೆ ನಮ್ಮ ಏಪ್ರಿಲ್ ಬಿಸಿಲಿಗೆ ಒಣಗಿರಬಹುದು. ಸಿಲಿಕೋನ್ ಎಣ್ಣೆಯ ಎರಡೇ ಹನಿ ಗಾಳಿ ತೂತಿಗೆ ಬಿಟ್ಟು, ಬಂದೂಕನ್ನು ಮೂತಿ ಮೇಲೆ ಮಾಡಿ ಒಂದು ರಾತ್ರಿ ನಿಲ್ಲಿಸಿ.

ಎಣ್ಣೆ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಏನು ಸಿಕ್ಕರೆ ಅದನ್ನು ಗಾಳಿ ತೂತಿಗೆ ಬಿಡುವವರಿದ್ದಾರೆ. ಪಿಸ್ಟನ್ ಗಾಳಿ ಹಿಂಡಿದಾಗ ಒಳಗೆ ವಿಪರೀತ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ಇಂಥ ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ಕೆಲಸ ಮಾಡುವುದೂ ಇದೇ ತತ್ವದಿಂದ. ಢಮ್ಮೆಂದು ಜೋರು ಸದ್ದು, ಮೂತಿಯಲ್ಲಿ ಹೊಗೆ, ಸುಟ್ಟ ವಾಸನೆ. ‘ಪವರ್ ಜಾಸ್ತಿ ಆಯ್ತು’ ಅಂತ ಹುಡುಗರು ಖುಷಿಪಡುತ್ತಾರೆ. ಆಗಿರುವುದು ವಾಷರ್ ಸುಡುವುದು, ಸ್ಪ್ರಿಂಗ್ ಮುರಿಯುವುದು. ಹೊಸ ಬಂದೂಕಿನಲ್ಲಿ ಕಾರ್ಖಾನೆಯ ಎಣ್ಣೆ ಉಳಿದಿದ್ದು ಮೊದಲ ಕೆಲವು ಗುಂಡಿಗೆ ತೆಳು ಹೊಗೆ ಬಂದರೆ ಹೆದರಬೇಕಿಲ್ಲ, ಅದು ತಾನಾಗೇ ನಿಲ್ಲುತ್ತದೆ. ಕೊಬ್ಬರಿ ಎಣ್ಣೆಯದು ಇನ್ನೂ ಒಂದು ಕಾಟ: ಚಳಿಗೆ ಹೆಪ್ಪುಗಟ್ಟಿ ಒಳಗೆಲ್ಲ ಅಂಟಾಗುತ್ತದೆ.

ಸದ್ದಿಗೆ ಕಿವಿ ಕೊಡಿ. ಬ್ಯಾರೆಲ್ ಮಡಚುವಾಗ ‘ಕರಕರ’ ಎಂದು ಉಜ್ಜುವುದು, ಮಡಚಲು ಮೊದಲಿಗಿಂತ ಹಗುರವಾಗಿರುವುದು, ಹೊಡೆದ ಮೇಲೆ ತಂತಿ ಮೀಟಿದಂತೆ ಬಹಳ ಹೊತ್ತು ಗುಂಯ್‌ಗುಡುವುದು, ಇವೆಲ್ಲ ಒಟ್ಟಿಗೆ ಬಂದರೆ ಆಗ ಸ್ಪ್ರಿಂಗ್ ಮುರಿದಿರುವ ಸಾಧ್ಯತೆ ಜಾಸ್ತಿ. ಪೆಲೆಟ್ ಇಲ್ಲದೆ ಖಾಲಿ ಹೊಡೆಯುವುದು ಇದಕ್ಕೆ ದೊಡ್ಡ ಕಾರಣ. ಪೆಲೆಟ್ ಇದ್ದರೆ ಅದರ ಹಿಂದಿನ ಗಾಳಿ ಪಿಸ್ಟನ್ನನ್ನು ತಡೆದು ನಿಧಾನ ಮಾಡುತ್ತದೆ. ಇಲ್ಲದಿದ್ದರೆ ಕಬ್ಬಿಣ ಹೋಗಿ ಕಬ್ಬಿಣಕ್ಕೇ ಬಡಿಯುತ್ತದೆ. ಸ್ಪ್ರಿಂಗ್ ಎಳೆದು ಗಂಟೆಗಟ್ಟಲೆ ಹಾಗೇ ಇಡುವುದೂ ಕೆಟ್ಟದ್ದು.

ಬ್ಯಾರೆಲ್ಲಿನ ಮೂತಿ

ಪೆಲೆಟ್ ಕೊನೆಗೆ ಬಿಡುವುದು ಮೂತಿಯ ಒಳ ಅಂಚನ್ನು. ಅಲ್ಲಿ ಒಂದು ಕಡೆ ಕೆತ್ತಿದ್ದರೆ ಗಾಳಿ ಒಂದು ಪಕ್ಕದಿಂದ ಮೊದಲು ನುಗ್ಗಿ ಪೆಲೆಟ್ ಬಾಲ ವಾಲುತ್ತದೆ. ಕಿವಿ ಹತ್ತಿಕಡ್ಡಿಯನ್ನು ಮೂತಿಯ ಒಳ ಅಂಚಿಗೆ ತಾಗಿಸಿ ನಿಧಾನ ಒಂದು ಸುತ್ತು ತನ್ನಿ. ಹತ್ತಿಯ ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಮುಳ್ಳೆದ್ದಿದೆ. ಸ್ವಲ್ಪ ಗುಂಡು ಹೊಡೆದ ಮೇಲೆ ಮೂತಿಯ ಮುಖವನ್ನೂ ನೋಡಿ. ಸೀಸದ ಬೂದು ಪುಡಿ ಸುತ್ತಲೂ ಸಮನಾದ ಎಸಳುಗಳಾಗಿ ಹರಡಿದ್ದರೆ ಮೂತಿ ಆರೋಗ್ಯವಾಗಿದೆ. ಒಂದೇ ಕಡೆ ಉದ್ದಕ್ಕೆ ಚಾಚಿದ್ದರೆ ದೋಷ ಆ ಪಕ್ಕದಲ್ಲಿದೆ. ಬಂದೂಕನ್ನು ಮೂತಿ ಕೆಳಗೆ ಮಾಡಿ ಗೋಡೆಗೆ ಒರಗಿಸುವ ಅಭ್ಯಾಸ ಬಿಟ್ಟರೆ ಈ ತೊಂದರೆ ಬರುವುದೇ ಇಲ್ಲ.

ಬ್ಯಾರೆಲ್ ಒಳಗೆ ಸೀಸ ಅಂಟಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ತಂತಿಗೆ ಹತ್ತಿ ಬಟ್ಟೆಯ ತುಣುಕು ಕಟ್ಟಿ ಹಿಂಬಾಯಿಯಿಂದ ಮೂತಿ ಕಡೆಗೆ ಎಳೆಯಿರಿ. ಕಬ್ಬಿಣದ ಸಲಾಕೆ ಹಾಕಬೇಡಿ, ಪೆಟ್ರೋಲು ಬೇಡ. ಒರೆಸಿದ ಮೇಲೆ ಮೊದಲ ಹತ್ತಿಪ್ಪತ್ತು ಗುಂಡು ಅಡ್ಡಾದಿಡ್ಡಿ ಹೋದರೆ ಗಾಬರಿಯಾಗಬೇಡಿ, ಬ್ಯಾರೆಲ್ಲು ಮತ್ತೆ ಹದಕ್ಕೆ ಬರಲು ಅಷ್ಟು ಬೇಕು.

ಇಷ್ಟಾದರೂ ಚದುರಿದರೆ

ಬಂದೂಕನ್ನು ಚೆನ್ನಾಗಿ ಹೊಡೆಯುವ ಇನ್ನೊಬ್ಬರ ಕೈಗೆ ಕೊಡಿ. ಅದೇ ಚೀಲ, ಅದೇ ಪೆಲೆಟ್, ಅದೇ ಬೆಳಕು. ಅವರ ಗುಂಪು ಚಿಕ್ಕದಾಗಿ ಬಂದರೆ ಬಂದೂಕಿನ ಹುಡುಕಾಟ ಅಲ್ಲಿಗೆ ಬಿಡಿ. ಬಲಗೈಯವರ ಗುಂಡು ಎಡಕ್ಕೆ, ಕೆಳಕ್ಕೆ ಹೋಗುತ್ತಿದ್ದರೆ ಹೆಚ್ಚಾಗಿ ಟ್ರಿಗರ್ ಕೀಳುತ್ತಿದ್ದಾರೆ. ಬೆರಳಿನ ತುದಿಯ ಮೆತ್ತನೆ ಭಾಗದಿಂದ ನೇರ ಹಿಂದಕ್ಕೆ, ನಿಧಾನ ಎಳೆಯಬೇಕು. ಗುಂಡು ಹೋದ ಮೇಲೂ ಒಂದು ಕ್ಷಣ ಹಾಗೇ ನೋಡುತ್ತಾ ಇರಬೇಕು. ಗುಂಡು ಹೊಡೆದ ಕೂಡಲೇ ತಲೆ ಎತ್ತಿ ಟಾರ್ಗೆಟ್ ನೋಡುವ ಆತುರ ಇದೆಯಲ್ಲ, ಸ್ಪ್ರಿಂಗ್ ಬಂದೂಕು ಅದನ್ನು ಸ್ವಲ್ಪವೂ ಸಹಿಸುವುದಿಲ್ಲ. ಪೆಲೆಟ್ ಹೊರಬೀಳುವ ಮೊದಲೇ ನಿಮ್ಮ ಕೆನ್ನೆ ಎದ್ದಿರುತ್ತದೆ.

ಎರಡು ಜಾಗದಲ್ಲಿ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ. ಒಂದು, ಟ್ರಿಗರ್. ಸ್ಪ್ರಿಂಗ್ ಎಳೆದ ಮೇಲೆ ಹಿಡಿದು ನಿಲ್ಲದೆ ತಾನಾಗೇ ಬಿಟ್ಟುಕೊಳ್ಳುವ, ಅಥವಾ ನೆಲಕ್ಕೆ ತಟ್ಟಿದರೆ ಹಾರುವ ಬಂದೂಕನ್ನು ಆ ಕ್ಷಣವೇ ಪಕ್ಕಕ್ಕಿಡಿ. ಇನ್ನೊಂದು, ಮುಖ್ಯ ಸ್ಪ್ರಿಂಗ್. ಬಂದೂಕು ಎಳೆಯದೆ ಇದ್ದಾಗಲೂ ಅದು ಒಳಗೆ ಅದುಮಿಕೊಂಡೇ ಇರುತ್ತದೆ. ಒತ್ತಿ ಹಿಡಿಯುವ ಸರಿಯಾದ ಸಾಧನ ಇಲ್ಲದೆ ಹಿಂದಿನ ಬಿರಡೆ ಬಿಚ್ಚಿದರೆ ಅದು ಮುಖಕ್ಕೇ ಹಾರುತ್ತದೆ. ಈ ಎರಡಕ್ಕೂ ಕೆಲಸ ಗೊತ್ತಿರುವ ಮೆಕ್ಯಾನಿಕ್ ಬಳಿಯೇ ಹೋಗಿ.

ರಿಪೇರಿಗೆ ಕೊಡುವಾಗ ‘ಸ್ವಲ್ಪ ಗಟ್ಟಿ ಸ್ಪ್ರಿಂಗ್ ಹಾಕಿ’ ಅಂತ ಹೇಳುವ ಆಸೆ ಬರುತ್ತದೆ, ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್‌ಗನ್‌ಗೆ ಮಿತಿ ಇದೆ: 0.177 ಇಂಚು ಬೋರ್, 20 ಜೂಲ್ ಶಕ್ತಿ. 0.52 ಗ್ರಾಂ ಪೆಲೆಟ್ 175 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 8 ಜೂಲ್ ಮಾತ್ರ. 10 ಮೀಟರ್ ಕಾಗದಕ್ಕೆ ಇದು ಬೇಕಾದಷ್ಟಾಯಿತು. ಬಲ ಹೆಚ್ಚಿದಷ್ಟೂ ಒದೆತ ಹೆಚ್ಚುತ್ತದೆ, ಗುಂಪು ಇನ್ನೂ ಚದುರುತ್ತದೆ. ಬಲ ಪರೀಕ್ಷೆ ಮಾಡುತ್ತೇನೆ ಅಂತ ಹಕ್ಕಿ, ಅಳಿಲುಗಳ ಕಡೆಗೆ ತಿರುಗಿಸುವ ಮಾತೇ ಬೇಡ. 1972ರ ವನ್ಯಜೀವಿ ಕಾಯ್ದೆ ಏರ್‌ಗನ್ ಎಂದು ರಿಯಾಯಿತಿ ಕೊಡುವುದಿಲ್ಲ. ಕಾಯ್ದೆ ಇರಲಿ ಬಿಡಲಿ, ಟೆರೇಸಿಗೆ ಬರುವ ಜೀವಗಳು ನಮ್ಮ ಟಾರ್ಗೆಟ್ ಅಲ್ಲ.

ರಿಪೇರಿಯಾಗಿ ಬಂದ ಬಂದೂಕಿಗೆ ಕೂಡಲೇ ಸೈಟ್ ಹೊಂದಿಸಬೇಡಿ. ಹೊಸ ವಾಷರ್, ಹೊಸ ಸ್ಪ್ರಿಂಗ್ ಕೂತುಕೊಳ್ಳಲು ಸ್ವಲ್ಪ ಗುಂಡು ಬೇಕು. ಒಂದು ನೂರು ಪೆಲೆಟ್ ಸುಮ್ನೆ ಟ್ರಿಗರ್ ಅಭ್ಯಾಸಕ್ಕೆ ಹೊಡೆದು, ಕಟ್ಟಿಗೆಯ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಆಮೇಲೆ ಬೆಳಗಿನ ಗಾಳಿ ಇಲ್ಲದ ಹೊತ್ತಿನಲ್ಲಿ ಬೇರೆ ಇಟ್ಟಿದ್ದ ಒಳ್ಳೆ ಡಬ್ಬಿ ತೆಗೆದು ಐದು ಗುಂಡಿನ ಮೂರು ಕಾಗದ ಮಾಡಿ. ಸೋಪಿನ ಆಳವನ್ನೂ ಹೊಸದಾಗಿ ಅಳೆಯಿರಿ. ಕಾಗದದ ಮೂಲೆಯಲ್ಲಿ ತಾರೀಖು, ಪೆಲೆಟ್ ಹೆಸರು, ದೂರ ಬರೆದು ಬಂದೂಕಿನ ಚೀಲದಲ್ಲೇ ಇಡಿ. ಮುಂದಿನ ಸಲ ಅನುಮಾನ ಬಂದಾಗ ಹೋಲಿಸಲು ಆ ಮೂರು ಕಾಗದ ಬೇಕಾಗುತ್ತದೆ.